ಭಜನೆಗೆ ಭಾವನ ಪ್ಲಗಿನ್

ನಮ್ಮ ಭಾವ ಯಾರ ಮನೆಗೆ ಭಜನೆಗೆ ಹೋದರೂ ದೇವರಿಗಿಂತ ಮೊದಲು ಕಂಪ್ಯೂಟರಿನ ದರ್ಶನ ಮಾಡುತ್ತಾರೆ. ವಿಂಡೋಸ್ ಕಂಡರೆ ಮುಗುಳ್ನಗೆ, ಮ್ಯಾಕ್ ಕಂಡರೆ ಎದೆಬಡಿತ! ಇದೆಂಥ ಭಕ್ತಿ ಎನ್ನಬೇಡಿ.

ಡೊಂಬಿವಲಿಯ ನಮ್ಮ ಭಜನಾ ಮಂಡಳಿ ವಾರಕ್ಕೊಂದು ಮನೆಯಲ್ಲಿ ಸೇರುತ್ತದೆ. ಹಾರ್ಮೋನಿಯಂ ನುಡಿಸುತ್ತಿದ್ದವರು ಊರಿಗೆ ಮರಳಿದ ಮೇಲೆ, ಅವರ ರೆಕಾರ್ಡನ್ನೇ ಆಯಾ ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡು ಹೆಂಗಸರು ಹಾಡುತ್ತಾರೆ. ಮುಂದಾಳು ನನ್ನ ಅಕ್ಕ, ಅಂದರೆ ಭಾವನ ಹೆಂಡತಿ. ಥೈರಾಯ್ಡ್ ಆಪರೇಷನ್ ಆದಮೇಲೆ ಅವಳ ಕಂಠ ಇಳಿಯಿತು. ಎಷ್ಟು ಇಳಿದಿದೆ ಎನ್ನುವುದು ಆಯಾ ದಿನ ಬಾಯಿ ತೆರೆದಾಗಲೇ ತಿಳಿಯುವುದು! ರೆಕಾರ್ಡಿನ ಎತ್ತರಕ್ಕೆ ಏರಲಾರದೆ ಕೆಲವು ವಾರ ಬರೀ ತಾಳ ಹಾಕಿದಳು. ಆಮೇಲೆ ಹೋಗುವುದನ್ನೇ ಬಿಟ್ಟಳು.

ಅವಳನ್ನು ಮತ್ತೆ ಹಾಡಿಸಿಯೇ ಸಿದ್ಧ ಎಂದು ಭಾವ ಪಟ್ಟು ಹಿಡಿದರು. ಮಹಾಪೆಯ ಸಾಫ್ಟ್‌ವೇರ್ ಆಫೀಸಿನಿಂದ ಬಂದವರೇ ಕೂತು ಒಂದು ಪ್ಲಗಿನ್ ಬರೆದರು. ಹಾಡು ನುಡಿಸುವ ಸಾಫ್ಟ್‌ವೇರಿನೊಳಗೆ ಸೇರಿಕೊಂಡು, ಹಾಡುತ್ತಿರುವಾಗಲೇ ಹಾರ್ಮೋನಿಯಂನ ಶ್ರುತಿ ಇಳಿಸುವ ಪುಟ್ಟ ಪ್ರೋಗ್ರಾಂ ಅದು. ಆದರೆ ಅಕ್ಕನದೂ ಒಂದು ಹಟ. "ಎಲ್ಲ ಮನೆಯಲ್ಲೂ ಹಾಡ್ಲಿಕ್ಕೆ ಆದ್ರೆ ಮಾತ್ರ ಬರ್ತೇನೆ. ಒಂದು ಕಡೆ ಹಾಡಿ ಇನ್ನೊಂದು ಕಡೆ ಬಾಯಿ ಮುಚ್ಚಿ ಕೂತ್ಕೊಳ್ಳುದು ನನ್ನಿಂದಾಗುದಿಲ್ಲ."

ಭಾವನ ಡಬ್ಬಾ ಕಂಪ್ಯೂಟರಿನಲ್ಲಿರುವುದು ಲಿನಕ್ಸ್; ಅದಕ್ಕೆಂದು ಬರೆದದ್ದು ಉಳಿದವರ ಮನೆಯ ವಿಂಡೋಸ್, ಮ್ಯಾಕ್‌ಗಳಲ್ಲಿ ನಡೆಯುವುದಿಲ್ಲ. ಅದೊಂದರಲ್ಲೇ ಕೂತು ವಿಂಡೋಸಿಗೂ ಮ್ಯಾಕಿಗೂ ಪ್ಲಗಿನ್ ತಯಾರಿಸಲು ಹೊರಟರು.

"ಒಂದು ಮ್ಯಾಕ್ ತಗೊಳ್ಳಿ ಭಾವ," ಎಂದೆ.

"ಎಂತಕ್ಕೆ? ನಮ್ಮಪ್ಪನ ಹೋಟ್ಲಲ್ಲಿ ಒಂದೇ ಕಿಚನ್‌ನಿಂದ ದೋಸೆ, ಪಾವ್‌ಭಾಜಿ, ಚೈನೀಸ್ ಎಲ್ಲ ಬರ್ತಿರ್ಲಿಲ್ವಾ? ಚೈನೀಸ್ ಮಾಡ್ಲಿಕ್ಕೆ ಅವರೇನು ಚೀನಾಕ್ಕೆ ಹೋಗಿದ್ರಾ?"

ಮೊದಲ ಪ್ರಯೋಗ ಕಲ್ಯಾಣದ ಮನೆಯೊಂದರಲ್ಲಿ, ವಿಂಡೋಸ್ ಮೇಲೆ. ಭಾವನ ಲೆಕ್ಕ ಎಲ್ಲಿ ತಪ್ಪಿತೋ, ಇಳಿಯಬೇಕಾದ ಶ್ರುತಿ ಏರಿಬಿಟ್ಟಿತು. ಹೆಂಗಸರೆಲ್ಲ ತುದಿಗಾಲಲ್ಲಿ ನಿಂತು ಹಾಡಿದರು! ಮಂಗಳಾರತಿಯ ಹೊತ್ತಿಗೆ ಅರ್ಧ ಮಂಡಳಿಗೆ ಗಂಟಲು ಕಟ್ಟಿತ್ತು. "ಟೆನ್ಶನ್ ಲೇನೇ ಕಾ ನಹೀ, ಮುಂದಿನ ವಾರ ಸೆಟ್ ಆಗ್ತದೆ," ಎನ್ನುತ್ತ ಭಾವ ಪ್ರಸಾದ ಕಟ್ಟಿಸಿಕೊಂಡರು.

ಅದೇನೋ ಸೆಟ್ ಆಯಿತು. ಉಳಿದದ್ದು ಠಾಣೆಯ ಮಾಜಿವಾಡಾದ ಮನೆಯೊಂದರ ಮ್ಯಾಕ್. ಈ ಪ್ಲಗಿನ್ ತಯಾರಿಸಿದವರು ಯಾರೆಂದು ಗೊತ್ತಿಲ್ಲ, ತೆರೆಯುವುದಿಲ್ಲ ಎಂದುಬಿಟ್ಟಿತು ಅದು.

"ಹುಟ್ಟಿದಾಗಿಂದ ಡೊಂಬಿವಲಿಯಲ್ಲೇ ಇದ್ದೇನೆ, ನನ್ನ ಗುರ್ತ ಇಲ್ವಂತೆ! ಇದಕ್ಕೆ ರೇಶನ್ ಕಾರ್ಡ್ ತೋರಿಸ್ಬೇಕಾ?"

"ಅಂಕಲ್, ಸೆಟ್ಟಿಂಗ್ ಮೇ ಜಾಕೇ ಅಲೌ ಕರೋ ನಾ," ಎಂದು ಆ ಮನೆಯ ಹುಡುಗಿ ನಕ್ಕಳು. ಅಲೌ ಮಾಡಿದರೆ ತೆರೆಯಿತು, ಸದ್ದು ಮಾತ್ರ ಇಲ್ಲ! ಭಾವ ಬಿಡುವವರೇ? ಮನೆಗೆ ಬಂದು ತಿದ್ದುವುದು, ಮತ್ತೆ ಲೋಕಲ್ ರೈಲು ಹತ್ತುವುದು. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿದಾಗಲೂ ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಪೆನ್‌ಡ್ರೈವ್ ಇದ್ದ ಜೇಬಿನ ಮೇಲೆ. ಕೊನೆಗೊಂದು ಸಂಜೆ ಮ್ಯಾಕ್ ಬಾಯಿಬಿಟ್ಟಿತು.

ಆ ವಾರದ ಭಜನೆ ಅದೇ ಮನೆಯಲ್ಲಿ. ಅಕ್ಕ ಮಾತಿಗೆ ತಪ್ಪದೆ ಬಂದಳು. ಮೊದಲ ಸಾಲಿಗೇ ತಡವರಿಸಿದಳು. ಭಾವ ಮೌಸ್ ಹಿಡಿದು ಹಾರ್ಮೋನಿಯಂ ಇಳಿಸಿದರು, ಇನ್ನೂ ಸ್ವಲ್ಪ ಇಳಿಸಿದರು, ನಿಲ್ಲಿಸಿದರು. ಮಂಡಳಿಯ ಹೆಂಗಸರೂ ಅವಳೊಂದಿಗೆ ಇಳಿದು ಬಂದರು. ಅಕ್ಕ ಹಾಡನ್ನು ಪೂರ್ತಿ ಹಾಡಿದಳು. ನನಗೆ ಅಳುವೇ ಬಂತು.

ವಾಪಸು ಬರುವಾಗ ರೈಲಿನಲ್ಲಿ ಕೇಳಿದೆ: "ಭಾವ, ನಿಮಗೆ ಸಂಗೀತದ ಗಂಧವೇ ಇಲ್ಲ. ಅಷ್ಟು ಸರಿಯಾಗಿ ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಯ್ತು?"

"ಶ್ರುತಿ ಯಾರಿಗೆ ಗೊತ್ತು ಮಾರಾಯ? ಆಪರೇಷನ್‌ನ ಹೊಲಿಗೆ ಹತ್ರ ಅವಳ ಕುತ್ತಿಗೆಯ ನರ ಉಬ್ತದಲ್ಲ, ನಾನು ಅದನ್ನೇ ನೋಡ್ತಿದ್ದೆ. ಅದು ಇಳಿದ ಕೂಡ್ಲೆ ನಿಲ್ಲಿಸಿದೆ."