ದಿನವೂ ಕಾಲೇಜಿಗೆ ಹೋದವನ ಗ್ಯಾಪ್ ಸರ್ಟಿಫಿಕೇಟ್

ಇವರಿಗೆ,
ಪ್ರವೇಶಾಧಿಕಾರಿಗಳು, ದೂರಶಿಕ್ಷಣ ವಿಭಾಗ.

ಮಾನ್ಯರೇ,

ತಮಗೂ, ತಮ್ಮ ಸಿಬ್ಬಂದಿಗೂ, ನನ್ನ ಅರ್ಜಿಯನ್ನು ಮೂರು ಸಲ ತಿರಸ್ಕರಿಸುವಾಗಲೂ ‘ತಮ್ಮ ಆಸಕ್ತಿಗೆ ಧನ್ಯವಾದಗಳು’ ಎಂದು ಸೇರಿಸಲು ಮರೆಯದ ತಮ್ಮ ಕಂಪ್ಯೂಟರಿಗೂ ಸಾಷ್ಟಾಂಗ ನಮಸ್ಕಾರಗಳು. ಇಷ್ಟು ಮರ್ಯಾದೆಯಿಂದ ಬೇಡವೆನ್ನುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಹೊನ್ನಾವರದ ಕಡೆಯವನು, ಕುಮಟಾದ ಒಂದು ಕಾಲೇಜಿನಲ್ಲಿ ಅಟೆಂಡರ್. ಪಿಯುಸಿ ಪಾಸಾಗಿ ಇದೇ ಕಾಲೇಜಿಗೆ ಬಿ.ಎ. ಸೇರಲು ಫಾರ್ಮ್ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಆಗಿನ ಪ್ರಾಂಶುಪಾಲರು ಕರೆದು, ಅಟೆಂಡರ್ ಕೆಲಸ ಖಾಲಿಯಿದೆ, ಬರುತ್ತೀಯಾ ಎಂದು ಕೇಳಿದರು. ದೋಣಿಗೆ ಹೋಗುತ್ತಿದ್ದ ಅಪ್ಪ ಸೊಂಟ ಹಿಡಿದು ಮಲಗಿದ್ದರಿಂದ ನಾನು ಸಾಲು ಬಿಟ್ಟು ಬಂದೆ. ಒಂದು ವರ್ಷ ದುಡಿದು ಆಮೇಲೆ ಸೇರಿದರಾಯಿತು ಎಂದುಕೊಂಡಿದ್ದೆ. ಆ ಒಂದು ವರ್ಷಕ್ಕೆ ಈಗ ಇಪ್ಪತ್ತಮೂರು ತುಂಬಿದೆ.

ಇಷ್ಟು ವರ್ಷವೂ ಇತಿಹಾಸದ ತರಗತಿಗೆ ನಕಾಶೆ ಒಯ್ದು ತೂಗುಹಾಕಿ, ಅದನ್ನು ಮರಳಿ ಸುತ್ತಿ ತರಬೇಕಾದ್ದರಿಂದ ಬಾಗಿಲಲ್ಲೇ ನಿಂತು ಪಾಠ ಕೇಳಿದ್ದೇನೆ. ನಮ್ಮದೇ ಕಾಲೇಜು ಸೇರಿದ ಮಗಳು ಅಂಕಿತಾ ಒಂದು ದಿನ ವಿಜಯನಗರದ ಬಗ್ಗೆ ಏನೋ ಕೇಳಿದಳು, ಹೇಳಿದೆ. ಅವಳು ಬರೆಯುವುದನ್ನು ನಿಲ್ಲಿಸಿ, “ಅಪ್ಪಾ, ನೀ ಎಂತಕ್ಕೆ ಪರೀಕ್ಷೆ ಬರಿಲಿಲ್ಲ?” ಎಂದಳು. ತಮಗೆ ಅರ್ಜಿ ಹಾಕಿದ್ದು ಅದರ ಮರುವಾರ.

ಓದು ಬಿಟ್ಟ ವರ್ಷಗಳಿಗೆ ತಾವು ಗ್ಯಾಪ್ ಸರ್ಟಿಫಿಕೇಟ್ ಕೇಳಿದಿರಿ. ಕುಮಟಾದ ಶ್ರೀಧರ ವಕೀಲರು ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿಕೊಟ್ಟರು: ಕಳೆದ ಇಪ್ಪತ್ತಮೂರು ವರ್ಷಗಳಲ್ಲಿ ನಾನು ಯಾವುದೇ ಕಾಲೇಜಿಗೆ ಹೋಗಿರುವುದಿಲ್ಲ. ದಿನವೂ ಹೋಗಿದ್ದೇನಲ್ಲ ಎಂದೆ. “ಹೋಗುದು ಬೇರೆ, ಕಲಿಯುದು ಬೇರೆ ಮಾರಾಯಾ. ಸಹಿ ಮಾಡು,” ಎಂದರು ವಕೀಲರು. ಸುಳ್ಳು ಪ್ರಮಾಣಕ್ಕೆ ಹೆದರಿ, ದಿನವೂ ಹೋಗಿದ್ದೇನೆ, ಆದರೆ ಬಾಗಿಲ ಹೊರಗಿದ್ದೆ ಎಂದು ತಿದ್ದಿಸಿದೆ. ತಾವು ಮೂರು ವಾರ ಪರಿಶೀಲಿಸಿ, ‘ಅಂತರ ಸಾಬೀತಾಗಿಲ್ಲ’ ಎಂದು ತೀರ್ಮಾನಿಸಿದಿರಿ. ಎರಡನೆಯ ಸಲ, ನಡತೆ ಪ್ರಮಾಣಪತ್ರದ ಮೊಹರು ಮಸುಕಾಗಿದೆಯೆಂದಿರಿ. ಮೊಹರು ಒತ್ತಿದವನು ನಾನೇ ಆದ್ದರಿಂದ ಆ ಆಕ್ಷೇಪವನ್ನು ಮನಸಾರೆ ಒಪ್ಪುತ್ತೇನೆ.

ಮೂರನೆಯದು ಕೆಲಸದ ಜಾಗದಿಂದ ನಿರಾಕ್ಷೇಪಣಾ ಪತ್ರ. ಭಾನುವಾರಗಳ ತಮ್ಮ ತರಗತಿ ನಡೆಯುವುದು ನಮ್ಮ ಕಾಲೇಜಿನಲ್ಲೇ, ಆ ದಿನದ ಡ್ಯೂಟಿಯೂ ನನ್ನದೇ. ಹಾಗಾಗಿ ‘ವ್ಯಾಸಂಗದ ವೇಳೆ ಇವರು ಕರ್ತವ್ಯದ ಸ್ಥಳ ಬಿಡುವುದಿಲ್ಲ’ ಎಂದು ಪ್ರಾಂಶುಪಾಲರು ಬರೆದುಕೊಟ್ಟರು. ‘ಕರ್ತವ್ಯದ ಸ್ಥಳ ಬಿಡದವರು ತರಗತಿಗೆ ಹಾಜರಾಗಲಾರರು’ ಎಂದು ತಾವು ಉತ್ತರಿಸಿದಿರಿ. ಎರಡೂ ಒಂದೇ ಕೋಣೆ ಎಂಬ ಸಣ್ಣ ಸಂಗತಿ ತಮ್ಮ ದೂರದೃಷ್ಟಿಗೆ ಬೀಳದಿದ್ದುದು ಸಹಜ.

ತಮ್ಮ ಅಧ್ಯಯನ ಕೇಂದ್ರ ನೋಡಿಕೊಳ್ಳುವ ಪ್ರದೀಪ ಸರ್ ಕೆಟ್ಟವರಲ್ಲ. ನಾನು ಒಳಗೆ ಕೂತರೆ ನೀರು, ಸೀಮೆಸುಣ್ಣ, ಹಾಜರಿ ಪುಸ್ತಕ ತರುವವರು ಯಾರು ಎಂದು ನಿಜವಾದ ಚಿಂತೆಯಿಂದಲೇ ಕೇಳಿದರು. ಪಕ್ಕದಲ್ಲಿದ್ದ ಅಂಕಿತಾ, “ಭಾನುವಾರ ನಾ ಬರ್ತೆ ಸರ್. ಅಪ್ಪ ಒಳಗೆ ಕೂರ್ಲಿ,” ಎಂದಳು. ಪ್ರಾಂಶುಪಾಲರೂ ಆಗಲಿ ಎಂದರು. ಪ್ರದೀಪ ಸರ್ ನನ್ನ ಅರ್ಜಿಯ ಷರಾ ಕಾಲಂನಲ್ಲಿ ‘ಬದಲಿ ವ್ಯವಸ್ಥೆ ಇದೆ’ ಎಂದು ಬರೆದರು. ಕೊನೆಯ ದಿನಾಂಕ ಹತ್ತಿರವಾಗಿದ್ದರಿಂದ ನಾನು ‘ಹೋಗಿರುವುದಿಲ್ಲ’ ಎಂಬ ವಕೀಲರ ಮೊದಲಿನ ಕಾಗದಕ್ಕೇ ಸಹಿ ಹಾಕಿದೆ. ನಿಜವನ್ನು ಮೂರು ವಾರ ಪರಿಶೀಲಿಸಿದ ತಾವು ಸುಳ್ಳನ್ನು ಎರಡೇ ದಿನದಲ್ಲಿ ಅಂಗೀಕರಿಸಿದಿರಿ. ತಮ್ಮ ಈ ಚುರುಕುತನಕ್ಕೆ ನಾನು ಋಣಿ, ಆದರೆ ಆ ದಿನ ನನಗೆ ಊಟ ಸೇರಲಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ: ತಮ್ಮ ಅರ್ಜಿಯಲ್ಲಿ ‘ಬಾಗಿಲಲ್ಲಿ ನಿಂತು ಕಲಿತವರು’ ಎಂದೊಂದು ಕಾಲಂ ಸೇರಿಸಬೇಕು. ಸಾಧ್ಯವಾದರೆ ನನ್ನ ಇಪ್ಪತ್ತಮೂರು ವರ್ಷಗಳ ಹಾಜರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಲೇಜಿನಲ್ಲಿ ಅಷ್ಟು ಹಾಜರಿ ಯಾವ ವಿದ್ಯಾರ್ಥಿಗೂ ಇಲ್ಲ.

ಮೊದಲ ಭಾನುವಾರ ಎರಡನೆಯ ಬೆಂಚಿನಲ್ಲಿ ಕುಳಿತೆ. ಭಟ್ಕಳದಿಂದ ಪಾಠಕ್ಕೆ ಬಂದಿದ್ದ ಧನ್ಯಾ ಮೇಡಂ ಮೇಜು ತಡಕಿ, ಡಸ್ಟರ್ ಎಲ್ಲಿ ಎಂದು ಕೇಳಿದರು. ಅದು ಸ್ಟಾಫ್ ರೂಮಿನ ಕಪಾಟಿನಲ್ಲಿರುವುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಕಾಲು ತಾನಾಗಿ ಎದ್ದಿತು. ಅಷ್ಟರಲ್ಲಿ ಅಂಕಿತಾ ಡಸ್ಟರ್ ತಂದು ಮೇಜಿನ ಮೇಲಿಟ್ಟು, ಹೊರಗೆ ಹೋಗುವಾಗ ನನ್ನ ಬೆಂಚಿನ ಹತ್ತಿರ ಮೆಲ್ಲಗೆ, “ಅಪ್ಪಾ, ಏಳುದು ಬ್ಯಾಡ,” ಎಂದಳು. ನಾಚಿಕೆಯೂ ಆಯಿತು, ಹಿತವೂ ಆಯಿತು. ಕುಳಿತುಕೊಂಡೆ.

ತಮ್ಮ ದಾಖಲೆಯಂತೆ ಯಾವ ಕಾಲೇಜನ್ನೂ ಕಾಣದ, ತಮ್ಮ ವಿಶ್ವಾಸಿ,
ಕೃಷ್ಣಾನಂದ ಹಮ್ಮ ಅಂಬಿಗ
ಬಿ.ಎ. ಪ್ರಥಮ ವರ್ಷ

ತಾ.ಕ.: ಪರೀಕ್ಷೆಯ ದಿನ ಯಾವ ಅಭ್ಯರ್ಥಿಯೂ ನಿಗದಿತ ವೇಳೆಗೆ ಮೊದಲು ಕೊಠಡಿಯ ಬಾಗಿಲ ಬಳಿ ಸುಳಿಯಕೂಡದೆಂಬ ತಮ್ಮ ಸುತ್ತೋಲೆ ತಲುಪಿದೆ. ಕೊಠಡಿಯ ಬೀಗದ ಕೈ ನನ್ನಲ್ಲಿದೆ. ಆಜ್ಞೆ ಮೀರುವವನು ನಾನಲ್ಲ, ಬಾಗಿಲು ತೆಗೆಯಲು ದಯವಿಟ್ಟು ತಾವೇ ಬರಬೇಕು. ರೈಲು ಕುಮಟಾದಲ್ಲಿ ನಿಲ್ಲುತ್ತದೆ.