ದೂರ ನೋಡಿ ಜೋಡಿಸಿದ ಕಾದಂಬರಿಗಳು

ಚಂದ್ರನ ಮೇಲೆ ಮನುಷ್ಯ ಇಳಿದದ್ದೇ ತಡ, ನಮ್ಮ ಹೆಗ್ಗಡದೇವನಕೋಟೆಗೂ ಆಕಾಶದ ಕಾದಂಬರಿಗಳ ಹುಚ್ಚು ಹಿಡಿಯಿತು. ಅಂಥ ನಾಲ್ಕು ನನ್ನ ಬಳಿಯಿದ್ದವು. ನಾಲ್ಕನ್ನೂ ಬರೆದವರು ಒಬ್ಬರೇ, ನಾಲ್ಕರಲ್ಲೂ ಒಬ್ಬನೇ ವಿಜ್ಞಾನಿ. ಆದರೆ ಯಾವುದು ಮೊದಲು, ಯಾವುದು ಕೊನೆ ಎಂದು ರಟ್ಟಿನ ಮೇಲೆ ಎಲ್ಲೂ ಬರೆದಿರಲಿಲ್ಲ.

ಆಗ ನಾನು ಮೈಸೂರು–ಕೋಟೆ ಬಸ್ಸಿನ ಕಂಡಕ್ಟರ್. ನಿಂತೂ ನಿಂತೂ ಕಾಲು ಬಾತು, ಕೂತು ಮಾಡುವ ಕೆಲಸಕ್ಕೆ ಜೀವ ಹಾತೊರೆಯುತ್ತಿತ್ತು. ಊರಿನ ಹೊಸ ವಾಚನಾಲಯಕ್ಕೆ ಮೇಲ್ವಿಚಾರಕರು ಬೇಕಾಗಿದ್ದರು. ಅದರ ಅಧ್ಯಕ್ಷರು ನಿವೃತ್ತ ಹೆಡ್‌ಮೇಷ್ಟ್ರು. ನಾಲ್ಕು ಕಾದಂಬರಿಗಳನ್ನೂ ಒಂದೇ ಸಂಪುಟವಾಗಿ ಬೈಂಡ್ ಮಾಡಿಸಿ ಅವರಿಗೆ ಕಾಣಿಕೆ ಕೊಟ್ಟರೆ ಕೆಲಸ ಕೈಗೆ ಬಂದಂತೆಯೇ! ಹೆಂಡತಿ ಜಯಮ್ಮ ಏನೋ ಹೇಳಲು ಬಂದಳು. ಕಾದಂಬರಿ ವಿಷಯ ನಿನಗೇನು ಗೊತ್ತು ಎಂದು ಹೊರಟೇಬಿಟ್ಟೆ.

ಬೈಂಡಿಂಗ್ ಮಾಡುವ ಗೌಸ್ ಸಾಹೇಬರು ಪುಟ ತಿರುವಿ ನೋಡಿ, "ಅಚ್ಚಾದ ವರ್ಷ ಐತೆ ಸಾಮಿ. ಅದ್ನ ನೋಡಿ ಜೋಡಿಸ್ಲಾ?" ಎಂದರು.

ನನಗೆ ನಗು ಬಂತು. ಟಿಕೆಟ್ ಹರಿದು ಹಣ್ಣಾದವನಿಗೆ ವರ್ಷವೇಕೆ, ದೂರ ಸಾಲದೆ? ನಮ್ಮ ದಾರಿಯಲ್ಲಿ ಹಂಪಾಪುರ ಮೊದಲು, ಕೋಟೆ ಆಮೇಲೆ. ಹಾಗೆಯೇ ಚಂದ್ರ ಮೊದಲು, ಆಮೇಲೆ ಮಂಗಳ, ಗುರು, ಕೊನೆಗೆ ಶನಿ. ಅಂದವಾಗಿರಲೆಂದು ವರ್ಷವಿದ್ದ ಪುಟಗಳನ್ನೂ ಕೀಳಿಸಿ, ಹೊಲಿಸಿ, ಅಂಟು ಹಾಕಿಸಿ, ಕೆಂಪು ರಟ್ಟು ಕಟ್ಟಿಸಿದೆ.

ವಾರ ಕಳೆದು ಅಧ್ಯಕ್ಷರು ಬಸ್‌ಸ್ಟ್ಯಾಂಡಿನಲ್ಲೇ ನನ್ನನ್ನು ಹಿಡಿದರು. ಚಂದ್ರನ ಮೇಲೆ ಸತ್ತು ಮಣ್ಣಾದ ವಿಜ್ಞಾನಿ ಮಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾನಲ್ಲ, ಹೇಗೆ? ಅವನ ತಮ್ಮ ಇರಬೇಕು ಎಂದೆ. ಮಾರನೆಯ ದಿನ ಮತ್ತೆ ಬಂದರು. ಗುರುಗ್ರಹದಲ್ಲಿ ಆ ತಮ್ಮನಿಗೆ ಮದುವೆ. ಹೆಣ್ಣು ಮಾತ್ರ ಚಂದ್ರನ ಭಾಗದಲ್ಲಿ ಅತ್ತ ಅದೇ ವಿಧವೆ! ಮೈದುನನ ಜೊತೆ ಕೂಡಾವಳಿ ಮದುವೆ ಆಗಿರಬಹುದು ಎಂದೆ. ಶನಿಗ್ರಹ ತಲುಪುವಷ್ಟರಲ್ಲಿ ವಿಜ್ಞಾನಿ ಇನ್ನೂ ಮೀಸೆ ಚಿಗುರದ ವಿದ್ಯಾರ್ಥಿ. ನನ್ನಲ್ಲಿ ಸಂಬಂಧಗಳ ದಾಸ್ತಾನು ಮುಗಿದಿತ್ತು.

ಕೊನೆಗೆ ಅಧ್ಯಕ್ಷರು ಸಂಪುಟ ಹಿಡಿದು ನಮ್ಮ ಮನೆಗೇ ಬಂದರು. ಬಿಚ್ಚಿ ಹೊಲಿಸಿ ಕೊಡುತ್ತೇನೆ ಎಂದೆ. ಬಿಚ್ಚಿದರೆ ಅಕ್ಷರವೂ ಕಿತ್ತು ಬರುತ್ತದೆಂದು ಗೌಸ್ ಸಾಹೇಬರು ಅವರಿಗೆ ಆಗಲೇ ಹೇಳಿದ್ದರಂತೆ. ವಾಚನಾಲಯದ ಕೆಲಸ ಕೈತಪ್ಪಿತೆಂದು ನನಗೆ ನಿಜಕ್ಕೂ ಅಳು ಬಂತು.

ಕಾಫಿ ತಂದಿಟ್ಟ ಜಯಮ್ಮ, "ಶನಿ ಮೊದ್ಲು ಓದಿ ಮೇಷ್ಟ್ರೇ, ಚಂದ್ರನ್ನ ಕೊನೇಲಿ. ಎಲ್ಲಾ ಸರಿಯೋಯ್ತದೆ," ಎಂದಳು. ನಾನು ಬಸ್ಸಿನಲ್ಲಿರುವಾಗ ನಾಲ್ಕನ್ನೂ ಎರಡೆರಡು ಸಲ ಓದಿದ್ದಳಂತೆ. ಆ ಲೇಖಕರು ವಿಜ್ಞಾನಿಯನ್ನು ಶನಿಯಿಂದ ಮನೆಯ ಕಡೆಗೆ ಕರೆತರುತ್ತಿದ್ದರು. ನಾನು ಅವನನ್ನು ಮನೆಯಿಂದ ಶನಿಗೆ ಹತ್ತಿಸಿದ್ದೆ!

ಹಾಗಾದರೆ ನಾಲ್ಕು ಕಥೆಗಳಿಗೂ ನಂಟೇನು ಎಂದು ಅಧ್ಯಕ್ಷರು ಅವಳನ್ನೇ ಕೇಳಿದರು.

"ನಾಕ್ರಲ್ಲೂ ಒಂದೇಯ. ಮನೇಲಿ ಒಂದ್ ಮಾತ್ ಕೇಳ್ದೆ ಒಂಟೋಯ್ತಾನೆ, ದಾರಿ ತಪ್ತಾನೆ."

ಅಧ್ಯಕ್ಷರು ನನ್ನತ್ತ ನೋಡದೆ ಕಾಫಿ ಕುಡಿದರು. ಆ ಔದಾರ್ಯವೇ ಹೆಚ್ಚು ಚುಚ್ಚಿತು.

ಮುಂದಿನ ತಿಂಗಳು ವಾಚನಾಲಯಕ್ಕೆ ಮೇಲ್ವಿಚಾರಕರ ನೇಮಕವಾಯಿತು. ಜಯಮ್ಮ! ರಜೆಯಿದ್ದಾಗ ನಾನೂ ಅಲ್ಲಿ ನೆರವಾಗುತ್ತೇನೆ. ಪುಸ್ತಕದ ಕಪಾಟು ಮುಟ್ಟಲು ಅಪ್ಪಣೆಯಿಲ್ಲ. ದಿನಪತ್ರಿಕೆ ಜೋಡಿಸಬಹುದು, ಅದಕ್ಕೆ ತಾರೀಖು ಇರುತ್ತದಲ್ಲ.