ಸೋಮವಾರದ ಫಟಫಟಿ

ತಗ್ಗು ದೊಡ್ಡದೇನಲ್ಲ, ಒಂದು ಕೋಳಿ ಮಣ್ಣು ಕೆದರಿ ಕಾವು ಕೂಡುವಷ್ಟು. ದೇವರ ಹಿಪ್ಪರಗಿಯ ಬಟ್ಟೆ ವ್ಯಾಪಾರಿ ಬಸಂತರಾಯನ ಫಟಫಟಿ ಅದರಲ್ಲಿ ಇಳಿದು ಏರಿತು. ಏರುವಾಗ ಹಿಂದಿನ ಶಾಕಪ್ ಲಟಕ್ಕೆಂದು ಮುರಿಯಿತು. ಹಿಂದೆ ಕೂತಿದ್ದ ಅವನ ಹೆಂಡತಿ ಇಂದುಬಾಯಿ ಮೊರದಲ್ಲಿ ಕೇರಿದ ಜೋಳದಂತೆ ಮೇಲಕ್ಕೆ ಹಾರಿ, ಪಕ್ಕದ ತೊಗರಿ ಹೊಲದಲ್ಲಿ ಇಳಿದಳು.

ಶಾಕಪ್ ಎಂದರೆ ಹಿಂದಿನ ಗಾಲಿಯ ಎರಡೂ ಮಗ್ಗುಲಿಗೆ ಇರುವ ಸ್ಪ್ರಿಂಗಿನ ಕೊಳವೆ. ದಾರಿಯ ಪೆಟ್ಟನ್ನೆಲ್ಲ ತಾನು ನುಂಗಿಕೊಂಡು ಮೇಲೆ ಕೂತವರಿಗೆ ಮುಟ್ಟಗೊಡದಿರುವುದು ಅದರ ಧರ್ಮ. ಶರಣರಿಗೇ ಕಷ್ಟವಾದ ಈ ಧರ್ಮವನ್ನು ಕಬ್ಬಿಣ ಎಷ್ಟು ಕಾಲ ನಡೆಸೀತು?

ಇಂದುಬಾಯಿ ಸೆರಗಿನ ಮಣ್ಣು ಝಾಡಿಸಿದಳು. "ಈ ಕುಕ್ಕೂ ಗಾಡಿ ಮ್ಯಾಲೆ ಇನ್ನ ನಾ ಕುಂಡ್ರಾಕಿ ಅಲ್ರಿ. ಕುಂಡ್ರಬೇಕಂದ್ರ ಅದು ಒಂದ ಸಲಾನೂ ಕುಕ್ಕಬಾರ್ದು" ಎಂದವಳೇ ಹೊಲದ ಬದುವಿನ ಗುಂಟ ನೆಟ್ಟಗೆ ತವರಿಗೆ ನಡೆದಳು. ತವರು ಅಲ್ಲಿಂದ ಹತ್ತಿರವೇ ಇತ್ತು. ಗಂಡನ ಊರಿಗೆ ಎರಡು ಹರದಾರಿ.

ರವಿವಾರ ಮಾವ ಮಡಿವಾಳಪ್ಪನಿಂದ ಮಾತು ಬಂತು: "ನಾಳೆ ಸೋಮವಾರ. ಮಂಗಳವಾರ ಎತ್ತಿನ ಗಾಡಿ ಕಟ್ಟಿ ಮಗಳನ್ನ ಕಳಸ್ತೇನಿ." ಸೋಮವಾರ ಬಸವಣ್ಣನ ದಿನ. ಆ ಸೀಮೆಯಲ್ಲಿ ಅಂದು ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ.

ಬಸಂತರಾಯನ ಮೀಸೆ ಮುಳ್ಳುಹಂದಿಯಾಯಿತು. ಓಣಿಯ ನಡುವೆ ನಿಂತು ಕೂಗಿದ: "ಫಟಫಟಿ ಇದ್ದಾವನ ಹೇಣ್ತಿ ಎತ್ತಿನ ಗಾಡ್ಯಾಗ ಬರೂದೇನು? ಸೋಮವಾರನ ಹೋಗ್ತೇನಿ, ಫಟಫಟಿ ಮ್ಯಾಲೇನ ತರ್ತೇನಿ. ಮನಿ ಮುಟ್ಟೂಮಟ ಆಕಿ ಕಾಲು ನೆಲಕ್ಕ ಹತ್ತಿದ್ರ, ಈ ಫಟಫಟಿ ಮಾರಿ ಎಮ್ಮಿ ಕಟ್ಟತೇನಿ!"

ಹೊಸ ಶಾಕಪ್ ಜೋಡಿಯನ್ನು ಅವನು ಆಗಲೇ ಸೊಲ್ಲಾಪುರದಿಂದ ತರಿಸಿದ್ದ. ಹಾಕುವವರು ಊರಲ್ಲಿ ಇರಲಿಲ್ಲ. "ನನಗ ಕೈಯಿಲ್ಲೇನು?" ಎಂದು ಸೋಮವಾರ ಬೆಳಿಗ್ಗೆ ಅಂಗಳದ ಬೇವಿನ ಮರದ ಕೆಳಗೆ ತಾನೇ ಪಾನಾ ಹಿಡಿದು ಕೂತ.

ಎದುರು ಮನೆಯ ಹಿರಿಯ ಗುರಲಿಂಗಪ್ಪ ವಿಭೂತಿ ಧರಿಸಿ ಹೊರಬಂದವನು ಅಲ್ಲೇ ನಿಂತ.

"ಬಸಂತಾ, ಇವತ್ತ ಯಾವ ವಾರ?"

"ಸೋಮವಾರ್ರಿ ಕಾಕಾ."

"ಮತ್ತ? ಭಾರಾ ಹೊರೂ ಜೀವಕ್ಕ ಇವತ್ತ ಸೂಟಿ. ಅದನ್ಯಾಕ ಕಾಡ್ತಿ?"

"ಇದು ಜೀವ ಅಲ್ರಿ, ಕಬ್ಬಿಣ. ಇದಕ್ಕೇನ ಕೋಡು ಅದಾವೇನ್ರಿ?"

ಗುರಲಿಂಗಪ್ಪ ಹ್ಯಾಂಡಲಿನತ್ತ ಬೆರಳು ಮಾಡಿದ. "ಅವೇನು? ಎತ್ತಿನ ಕೋಡಿಗಿ ಹಾಕೂ ಹಿತ್ತಾಳಿ ಕೊಂಬಣಸು ಬ್ಯಾರೆ ಹಾಕಿಸಿದ್ದೀ. ಒದರತೈತಿ, ಎಣ್ಣಿ ಕುಡಿತೈತಿ, ಸಿಟ್ಟಿಗೆದ್ರ ಹೆಂಗಸ್ರನ್ನ ಒಗೀತೈತಿ. ಬಾಲ ಒಂದ ಕಡಿಮಿ."

"ಹಂಗಾದ್ರ ಒಂದ ಹಿಡಿ ಹೊಟ್ಟು ಹಾಕ್ರಿ, ತಿಂತೈತೇನ ನೋಡೂಣು!" ಎಂದು ಬಸಂತರಾಯ ನಟ್ಟಿಗೆ ಪಾನಾ ಕೊಟ್ಟು ತಿರುವಿದ. ನಟ್ಟು ಕದಲಲಿಲ್ಲ. ಅವನೇ ನಟ್ಟಿನ ಸುತ್ತ ಅರ್ಧ ಸುತ್ತು ತಿರುಗಿದ.

ಅಷ್ಟರಲ್ಲಿ ಬಗಲ ಮನೆಯ ಜೋಳದ ವ್ಯಾಪಾರಿ ಅಬ್ದುಲಗನಿ ಬಂದ. ಒಮ್ಮೆ ಲಾರಿಯಲ್ಲಿ ಡ್ರೈವರನ ಮಗ್ಗುಲಿಗೆ ಕೂತು ಸೊಲ್ಲಾಪುರಕ್ಕೆ ಹೋಗಿಬಂದಾಗಿನಿಂದ ಓಣಿಯಲ್ಲಿ ಯಂತ್ರವಿದ್ಯೆಗೆ ಅವನೇ ಗುರು.

"ಬಸಂತಣ್ಣಾ, ತುಕ್ಕ ಹಿಡದ ನಟ್ಟು ಹಟಮಾರಿ ಸೊಸಿ ಇದ್ದಂಗ. ಬೈದ್ರ ಬರೂದುಲ್ಲ, ಎಣ್ಣಿ ಹಚ್ಚಬೇಕು." ಮನೆಯ ಕಡೆ ತಿರುಗಿ ಕೂಗಿದ, "ಅಮ್ಮಾ, ಕುಸುಬಿ ಎಣ್ಣಿ ತಾ!"

ಅವನ ತಾಯಿ ರಹಿಮಾಬಿ ಎಣ್ಣೆಯ ಗಿಂಡಿ ಹಿಡಿದು ಬಂದಳು. "ಯಪ್ಪಾ ಬಸಂತಾ, ಭಜಿ ಕರೀಬೇಕಂತ ಇಟ್ಟಿದ್ದೆ. ನಿನ್ನ ಗಾಡೀಗಿ ಬಂತು ನೋಡು ಅದರ ಋಣಾ" ಎನ್ನುತ್ತ ಧಾರಾಳವಾಗಿ ಸುರಿದಳು. ನಟ್ಟು ಬಿಚ್ಚಿತು. ಇಡೀ ಫಟಫಟಿ ಒಗ್ಗರಣೆಗೆ ಸಿದ್ಧವಾದಂತೆ ಮಿರುಗಿತು.

"ಎರಡೂ ಒಮ್ಮೆಲೇ ಬಿಚ್ಚಿಬಿಡು. ಒಂದೊಂದ ಬಿಚ್ಚಿದ್ರ ಗಾಡಿ ಕುಂಟ ಆಗತೈತಿ" ಎಂದ ಗುರು.

ಎರಡೂ ಬಿಚ್ಚಿದ್ದೇ ತಡ, ಆಸರೆ ತಪ್ಪಿದ ಹಿಂಭಾಗ ಧಪ್ಪೆಂದು ಗಾಲಿಯ ಮೇಲೆ ಕುಸಿಯಿತು.

"ನೋಡು, ಮಲಗೇಬಿಡ್ತು! ಸೋಮವಾರಂತ ಅದಕ್ಕಾದ್ರೂ ತಿಳೀತು" ಎಂದ ಗುರಲಿಂಗಪ್ಪ.

"ಮಲಗಿದ್ದನ್ನ ಎಬ್ಬಸ್ತೇನಿ!" ಬಸಂತರಾಯ ಬಾವಿಯ ಹಗ್ಗ ತಂದು, ಸೀಟಿನ ಕೆಳಗೆ ಬಿಗಿದು, ಬೇವಿನ ಟೊಂಗೆಯ ಮೇಲಿಂದ ಎಳೆದ. ಅಬ್ದುಲಗನಿಯೂ ಕೈ ಹಚ್ಚಿದ. ಹಿಂಭಾಗ ಎದ್ದೇ ಎದ್ದಿತು. ಬೇಕಾದ್ದಕ್ಕಿಂತ ಹೆಚ್ಚೇ ಎದ್ದಿತು. ಮೂತಿ ನೆಲಕ್ಕೆ ಹಚ್ಚಿ ನಿಂತ ಗಾಡಿಯ ಟಾಕಿಯ ಮುಚ್ಚಳದಿಂದ ಪೆಟ್ರೋಲು ಬಳಬಳ ಸುರಿಯತೊಡಗಿತು.

"ಅಯ್ಯ, ಸೋರಾಕತ್ತೈತಲ್ಲೋ!" ರಹಿಮಾಬಿ ಬಾಯಿಗೆ ಸೆರಗು ಹಿಡಿದಳು.

"ಸೋರ್ಲಿ ಬಿಡ್ರಿ ಖಾಲಾ. ಹೋಗಾಕ ಸಾಕಾಗತೈತಿ!" ಎಂದು ಬಸಂತರಾಯ ಮುಚ್ಚಳಕ್ಕೆ ಅರಿವೆ ತುರುಕಿದ. ಬರುವುದರ ಮಾತನ್ನು ಅವನು ಎತ್ತಲಿಲ್ಲ. ಹಟದ ಮನುಷ್ಯನಿಗೆ ದೇವರು ಒಂದೇ ದಿಕ್ಕಿನ ಕಣ್ಣು ಕೊಟ್ಟಿರುತ್ತಾನೆ.

ಹಗ್ಗ ಸಡಿಲಿಸಲು ಹೋದರೆ ಮರದ ಬೊಡ್ಡೆಗೆ ಕಟ್ಟಿದ ಗಂಟು ಬಿಗಿದು ಕೂತಿತ್ತು. ಹೊಸ ಶಾಕಪ್ ಮೇಲಿನ ಬೋಲ್ಟಿಗೆ ಕೂತಿತು. ಕೆಳಗಿನ ಬೋಲ್ಟಿಗೆ ನಾಲ್ಕು ಬೆರಳು ಮೋಟಾಯಿತು. ಗಾಡಿ ಒಂದಿಷ್ಟು ಕೆಳಗೆ ಇಳಿಯಬೇಕು. ಮೇಲೊಂದು ಭಾರ ಬೇಕು. ಎಲ್ಲರ ಕಣ್ಣು ಗುರಲಿಂಗಪ್ಪನ ಹೊಟ್ಟೆಯ ಮೇಲೆ ಹೋಯಿತು.

"ಸೋಮವಾರ ನಾ ದುಡಿಯೂದುಲ್ಲ" ಎಂದ ಗುರಲಿಂಗಪ್ಪ.

"ದುಡೀಬ್ಯಾಡ್ರಿ ಕಾಕಾ. ಸುಮ್ಮ ಕುಂಡ್ರ್ರಿ."

ಗುರಲಿಂಗಪ್ಪ ಧರ್ಮಸೂಕ್ಷ್ಮವನ್ನು ತುಸು ಯೋಚಿಸಿದ. ಕೂಡುವುದಕ್ಕೆ ಯಾವ ಶಾಸ್ತ್ರದಲ್ಲೂ ಅಡ್ಡಿ ಕಾಣಲಿಲ್ಲ. ಅವನು ಏರಿ ಕೂತ; ಹಗ್ಗ ಕಿರುಗುಟ್ಟಿತು, ಟೊಂಗೆ ಬಾಗಿತು, ಬೋಲ್ಟು ಸರಕ್ಕನೆ ಒಳಗೆ ಹೋಯಿತು. ಇನ್ನೊಂದು ಮಗ್ಗುಲಿನದೂ ಕೂತಿತು. ಹಗ್ಗ ಕೊಯ್ದು ಹಾಕಿದರು. ಹೊಸ ಸ್ಪ್ರಿಂಗಿನ ಮೇಲೆ ಗುರಲಿಂಗಪ್ಪ ಎರಡು ಸಲ ತೂಗಿ, ಕಣ್ಣು ಮುಚ್ಚಿ, "ಶಿವಾ ಶಿವಾ, ಬಾಳ ಹಿತಾ ಐತಿ" ಎಂದ. ಇಳಿಸಲು ಮೂವರೂ ಕೈ ಹಿಡಿಯಬೇಕಾಯಿತು.

ಹೊತ್ತು ಇಳಿಯುವ ಮೊದಲೇ ಬಸಂತರಾಯ ಮಾವನ ಬಾಗಿಲಲ್ಲಿದ್ದ. ಇಂದುಬಾಯಿ ಹೊರಗೆ ಬಂದು, ಬಜಾರದಲ್ಲಿ ಗಾದಿ ಕೊಳ್ಳುವವಳಂತೆ ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು.

"ಭಜಿ ವಾಸನಿ ಯಾಕ ಬರತೈತ್ರಿ?"

"ಹೊಸಾ ಸಾಮಾನು. ಹಂಗಾ ಬರತೈತಿ. ಏರು."

"ಮಂಗಳವಾರ ಗಾಡಿ ಕಟ್ಟತೇನಿ ಅಳಿಯಾ, ಹಟಾ ಮಾಡಬ್ಯಾಡ್ರಿ" ಎಂದ ಮಡಿವಾಳಪ್ಪ.

"ನಿಮ್ಮ ಎತ್ತು ಆರಾಮ ಮಲಗಲಿರಿ ಮಾವಾರ, ನನ್ನ ಫಟಫಟಿಗಿ ವಾರಾ ಇಲ್ಲ!" ಎಂದು ಬಸಂತರಾಯ ಕಿಕ್ಕು ಹೊಡೆದ.

ಗಾಡಿ ನಡೆಯಿತು. ಇಂದುಬಾಯಿ ಹಾದಿಯುದ್ದಕ್ಕೂ "ಸಾವಕಾಶ್ರೀ!" "ತಗ್ಗು ನೋಡ್ರೀ!" ಎಂದು ಒಂದೇ ಸಮನೆ ಚೀರುತ್ತಿದ್ದಳು. ಅವಳ ಚೀರಾಟವೂ ಫಟಫಟಿಯ ಚೀರಾಟವೂ ಪಂತ ಕಟ್ಟಿದಂತಿತ್ತು. ಊರು ಅರ್ಧ ಹರದಾರಿ ಇದೆ ಎನ್ನುವಾಗ ಫಟಫಟಿ ಸೋತಿತು. ಎರಡು ಸಲ ಕೆಮ್ಮಿ ಸುಮ್ಮನಾಯಿತು. ಟಾಕಿಯಲ್ಲಿ ಅರಿವೆ ಹಿಂಡಿದರೂ ಹನಿ ಇರಲಿಲ್ಲ.

ಎಳೆದೊಯ್ಯಲು ಒಂದು ಗಾಡಿಯೂ ಇಲ್ಲ. ದಾರಿ ಬಿಕೋ ಎನ್ನುತ್ತಿತ್ತು. ಎರಡೂ ಕಡೆಯ ಹೊಲಗಳಲ್ಲಿ ಎತ್ತುಗಳು ಜಾಲಿ ಮರದ ನೆರಳಿಗೆ ಮಲಗಿ ಮೆಲುಕು ಹಾಕುತ್ತ, ಹಿರಿಯರು ನೋಡುವ ಹಾಗೆ ಬಸಂತರಾಯನನ್ನು ನೋಡಿದವು.

"ನಡಕೋತ ಹೋಗೂಣ್ರಿ" ಎಂದು ಇಂದುಬಾಯಿ ಕಾಲು ಇಳಿಬಿಟ್ಟಳು.

"ಇಳೀಬ್ಯಾಡಾ!" ಬಸಂತರಾಯ ಗುಡುಗಿದ. "ಓಣ್ಯಾಗ ಮಾತ ಕೊಟ್ಟೇನಿ. ಕಾಲ ಮ್ಯಾಲೆ ತಗೋ!"

ಅಂಗಿ ಬಿಚ್ಚಿ ಸೊಂಟಕ್ಕೆ ಸುತ್ತಿದ. ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಸೀಟಿಗೆ ಕೊಟ್ಟು ನೂಕತೊಡಗಿದ. ಇಂದುಬಾಯಿ ಮೊದಲು ಅಂಜಿ ಕೂತಿದ್ದಳು. ಆಮೇಲೆ ಸೆರಗು ಹೊದ್ದು ನೆಟ್ಟಗಾದಳು. ಏರು ಬಂದಾಗ ಸಣ್ಣ ದನಿಯಲ್ಲಿ ಬೀಸುವ ಹಾಡು ಗುನುಗಿದಳು.

ಸಂಜೆ ಮೆರವಣಿಗೆ ಓಣಿ ಹೊಕ್ಕಾಗ ಮೊದಲು ಕಂಡವನು ಗುರಲಿಂಗಪ್ಪ. ಬಸಂತರಾಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸಂಕಟಪಟ್ಟ.

"ಏನವ್ವಾ ಇಂದೂ, ಸೋಮವಾರ ಹೂಡಬಾರ್ದು ಅಂತ ನಿಮ್ಮಪ್ಪ ಕಲಿಸಿಲ್ಲೇನು?"

ಓಣಿ ಹೊಟ್ಟೆ ಹಿಡಿದು ನಕ್ಕಿತು. ಬಸಂತರಾಯ ಏದುತ್ತಲೇ ಕೂಗಿದ, "ನಗ್ರಿ, ನಗ್ರಿ! ಆಕಿ ಕಾಲ ನೆಲಕ್ಕ ಹತ್ತೈತೇನ ಕೇಳ್ರಿ! ಇಂದೂ, ಹೇಳು, ಒಂದ ಸಲಾನೂ ಕುಕ್ಕಿತೇನು?"

ಇಂದುಬಾಯಿ ಮನೆಯ ಕಟ್ಟೆಯ ಮೇಲೆಯೇ ರಾಣಿಯಂತೆ ಇಳಿದಳು. "ಸುಳ್ಳ್ಯಾಕ ಹೇಳ್ಲಿ? ಚಾಲೂ ಇರೂಮಟ ಕುಕ್ಕೇ ಕುಕ್ಕಿತ್ರಿ, ಟೊಂಕ ಮುರದ ಹೋತು. ಬಂದ್ ಆದಮ್ಯಾಲೆ ನೋಡ್ರಿ ಸುಖಾ! ತೊಟ್ಟಲದಾಗ ಕುಂತಂಗಾತು. ಇನ್ನ ಮ್ಯಾಲೆ ಎಲ್ಲಿ ಹೋದ್ರೂ ಇದರ ಮ್ಯಾಲೇನ ಬರ್ತೇನಿ. ಬಂದ್ ಮಾಡ್ಕೊಂಡ ಕರಕೊಂಡ ಹೋಗ್ರಿ, ಅಷ್ಟ."

"ಹಂಗಾದ್ರ ಶುಕ್ರವಾರ ನನಗೂ ದರ್ಗಾಕ್ಕ ಬಿಡೋ ಯಪ್ಪಾ" ಎಂದಳು ರಹಿಮಾಬಿ. "ಎಣ್ಣಿ ಕೊಟ್ಟೇನಿ."

"ಯಾರೂ ಎಮ್ಮಿ ಸಂತಿಗಿ ಹೋಗೂದು ಬ್ಯಾಡ! ಗೆದ್ದಾವ ನಾನು!" ಎಂದು ಎದೆ ಸೆಟೆಸಲು ನೋಡಿದ ಬಸಂತರಾಯ. ಬೆನ್ನು ಸೆಟೆಯಲಿಲ್ಲ. ಬಾಗಿದವನು ಬಾಗಿದಂತೆಯೇ, ಗೆದ್ದೆ ಗೆದ್ದೆ ಎಂದು ನೆಲಕ್ಕೆ ಹೇಳಿಕೊಳ್ಳುತ್ತ ಮನೆಯ ಹೊಸ್ತಿಲು ದಾಟಿದ.